ನಮ್ಮ ತೋಟದ ಗೋರಿ ಯಾರದ್ದು? ದೊರೆ ಕುಟುಂಬದ ಮೂಲ ಹುಡುಕಲು ಸಹಾಯ ಬೇಕು

ಬಿದಿರುನಾಡು, ಜೂನ್ 18

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಇರುವುದು ದಕ್ಷಿಣ ಕೊಡಗಿನ ಸಿದ್ದಾಪುರದ ಕಡೆ. ಅಜ್ಜ 1946ರಲ್ಲಿ ಒಬ್ಬ ಇಂಗ್ಲಿಷ್ ದೊರೆಯಿಂದ ಕ್ರಯಕ್ಕೆ ತೆಗೆದುಕೊಂಡದ್ದು. ಊರವರ ಬಾಯಲ್ಲಿ ಇವತ್ತಿಗೂ ಅದು ದೊರೆ ತೋಟ, ನಾವಿರುವ ಮನೆ ದೊರೆ ಬಂಗಲೆ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದೆ ಹಲಸಿನ ಮರದ ಬುಡದಲ್ಲಿ ಒಂದು ಪುಟ್ಟ ಗೋರಿ ಇದೆ. ಮೂರಡಿ ಉದ್ದವೂ ಬರಲಿಕ್ಕಿಲ್ಲ. ಕಲ್ಲಿನ ಮೇಲೆ ಶಿಲುಬೆ, ಅದರ ಕೆಳಗೆ ಎರಡು ಇಂಗ್ಲಿಷ್ ಅಕ್ಷರ, 1889 ಎಂಬ ಇಸವಿ. ಅಷ್ಟೇ. ಕೊಯ್ಲು ಶುರುವಾಗುವ ಮುಂಚೆ ಪ್ರತಿ ವರ್ಷ ಯಾರೋ ಬಂದು ಸುತ್ತ ಹುಲ್ಲು ಕೆತ್ತಿ, ಚೆಂಡು ಹೂ ಇಟ್ಟು, ಮೊಂಬತ್ತಿ ಹಚ್ಚಿ ಹೋಗುತ್ತಾರೆ. ತೋಟದ ಕೆಲಸಗಾರರ ಲೈನ್‌ಮನೆಯವರು ಇರಬೇಕು ಅಂದುಕೊಂಡಿದ್ದೇವೆ. ಕೇಳಿದರೆ ಅವರು ತಾವಲ್ಲ ಅನ್ನುತ್ತಾರೆ.

ಈಗ ಕೇಳುವ ಕಾರಣ: ಅಪ್ಪ ಹೋದ ಮೇಲೆ ನಾವು ಮೂವರು ಪಾಲು ಮಾಡಿಕೊಳ್ಳುತ್ತಿದ್ದೇವೆ. ಸರ್ವೆಯವರು ಹಾಕಿದ ಗೆರೆ ಗೋರಿಯ ಮೇಲೇ ಹೋಗುತ್ತದೆ. ಅಣ್ಣನ ಪಾಲಿನ ಕಣಕ್ಕೆ ಲಾರಿ ಹೋಗುವ ದಾರಿ ಬೇಕು, ಹಾಗಾದರೆ ಕಲ್ಲು ತೆಗೆಯಬೇಕು. ಅವನಿಗೂ ಮನಸ್ಸಿಲ್ಲ. "ಯಾರ ಮಗು ಅಂತ ಗೊತ್ತಾದರೆ ಅವರ ಕಡೆಯವರನ್ನು ಒಂದು ಮಾತು ಕೇಳಬಹುದಿತ್ತು" ಅಂದ. ಮಳೆಗಾಲ ಮುಗಿದು ಪೋಡಿ, ಅಂದರೆ ಜಮೀನು ಅಳೆದು ಭಾಗ ಮಾಡುವುದು, ಆಗುವವರೆಗೆ ಸಮಯ ಇದೆ.

ಕೈಯಲ್ಲಿರುವುದು 1946ರ ಕ್ರಯಪತ್ರ ಒಂದೇ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು, ಹನ್ನೊಂದು ಪುಟ, ಕೊನೆಯ ಪುಟವನ್ನು ಬೆಳ್ಳಿಹುಳ ತಿಂದಿದೆ. ಮಾರಿದವರು ತಮ್ಮ ತಂದೆಯ ಉಯಿಲಿನಿಂದ ಬಂದ ಆಸ್ತಿ ಎಂದು ಬರೆಸಿದ್ದಾರೆ. ಇಷ್ಟರಿಂದ ಎಲ್ಲಿಗೆ ಹೋಗಬೇಕು? ಕುಟುಂಬದ ಹೆಸರನ್ನು ಇಲ್ಲಿ ಹಾಕುವುದಿಲ್ಲ, ಅವರ ವಂಶದವರು ಎಲ್ಲೋ ಬದುಕಿರಬಹುದು.

ಪುಸ್ತಕ ಒಂದು, ಜೂನ್ 18

ತಮ್ಮಾ, ನಾನು ಉಪನೋಂದಣಿ ಕಚೇರಿಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಇಲ್ಲಿ ಇಟ್ಟುಕೊಂಡ ಹೆಸರೂ ಅಲ್ಲಿಂದಲೇ ಬಂದದ್ದು. ಸ್ಥಿರಾಸ್ತಿಯ ಪತ್ರಗಳೆಲ್ಲ ನಕಲಾಗುವುದು ಒಂದನೇ ಪುಸ್ತಕಕ್ಕೆ, ಉಯಿಲುಗಳು ಮೂರನೇ ಪುಸ್ತಕಕ್ಕೆ.

ಹಳೆಯ ಪತ್ರವನ್ನು ಹಿಂದಿನಿಂದ ಓದಬೇಕು. ಮೊದಲು ಹಿಂಬರಹ ನೋಡಿ. ದಸ್ತಾವೇಜು ನಂಬರ್, ಸಂಪುಟ, ಪುಟ, ಪತ್ರ ಹಾಜರುಪಡಿಸಿದ ದಿನ, ಗುರುತಿಸಿದ ಸಾಕ್ಷಿಗಳು ಎಲ್ಲ ಅಲ್ಲಿರುತ್ತದೆ. ಆಮೇಲೆ ಪತ್ರದ ಪೂರ್ವಾಪರ ನೋಡಿ, ಆಸ್ತಿ ಮಾರುವವರಿಗೆ ಹೇಗೆ ಬಂತು ಎಂದು ಹೇಳುವ ಭಾಗ. ಅಲ್ಲಿ ಹಿಂದಿನ ಪತ್ರದ ನಂಬರ್ ಸಿಕ್ಕರೆ ಅದನ್ನು ಹಿಡಿದು ಇನ್ನೊಂದು ಮೆಟ್ಟಿಲು ಇಳಿಯಿರಿ. ಕಂಪ್ಯೂಟರಿನ ಇಸಿ (ಋಣಭಾರ ಪತ್ರ) ನಿಮಗೆ ಉಪಯೋಗಕ್ಕೆ ಬಾರದು, ಅದು ಸಿಗುವುದು 2004ರಿಂದ ಈಚೆಗೆ. ನಿಮಗೆ ಬೇಕಾದದ್ದು ಕೈಬರಹದ ಇಂಡೆಕ್ಸ್. ಒಂದು ಇಂಡೆಕ್ಸ್ ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನ ಮೇಲೆ, ಇನ್ನೊಂದು ಜಮೀನಿನ ಮೇಲೆ. ಎರಡನ್ನೂ ನೋಡಿ. ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನೋಂದಣಿ ಕಾಯ್ದೆಯ 57ನೇ ಕಲಂ ಆ ಹಕ್ಕು ಕೊಡುತ್ತದೆ. "ನಿಮಗೇನು ಸಂಬಂಧ" ಅಂತ ಯಾರಾದರೂ ಕೇಳಿದರೆ ಸಮಾಧಾನವಾಗಿ ಕಲಂ ಹೇಳಿ.

ಇನ್ನೊಂದು ಮಾತು. ಇಂಥ ತೋಟಗಳ ಮೂಲ ಸಾಮಾನ್ಯವಾಗಿ ಜಮ್ಮಾ, ಅಂದರೆ ಕೊಡಗಿನ ಮನೆತನಗಳ ವಂಶಪಾರಂಪರ್ಯ ಹಿಡುವಳಿ, ಆಗಿರುವುದಿಲ್ಲ. 1860ರ ದಶಕದ ಬಂಜರು ಜಮೀನು ನಿಯಮಗಳಲ್ಲಿ ಸರ್ಕಾರ ಕಾಡು ಜಾಗವನ್ನು ಕಾಫಿಗೆ ಕೊಟ್ಟಿತು. ನಿಮ್ಮ ಪಹಣಿಯಲ್ಲಿ ರಿಡೀಮ್ಡ್ ಸಾಗು ಅಂತ ಇದ್ದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿದ್ದಾರೆ ಎಂದು ಅರ್ಥ. ಕಟ್ಟಿದವರು ಯಾರು ಅನ್ನುವುದು ಕಂದಾಯ ಕಡತದಲ್ಲಿ ಸಿಗಬಹುದು.

ಕೊನೆಗೆ, ಚೆಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿಯ ವಿವರ) ಪೂರ್ತಿ ಟೈಪ್ ಮಾಡಿ ಹಾಕಿ, ಹೆಸರು ಬೇಕಾದರೆ ಮುಚ್ಚಿ. ಎಲ್ಲರೂ ಪತ್ರದ ಮೊದಲ ಪುಟ ಓದಿ ಎದ್ದು ಹೋಗುತ್ತಾರೆ. ಒಂದು ಕುಟುಂಬ ತನ್ನ ಬಗ್ಗೆ ಬರೆಸದೆ ಬಿಟ್ಟದ್ದು ಅಕ್ಕಪಕ್ಕದ ಜಮೀನಿನ ಹೆಸರಿನಲ್ಲಿ ಉಳಿದುಬಿಡುತ್ತದೆ. ಅಷ್ಟು ವರ್ಷ ಪುಸ್ತಕ ತಿರುವಿ ಹಾಕಿ ನಾನು ಕಲಿತದ್ದು ಇದು.

ಕಂಟೋನ್ಮೆಂಟ್ ಮನೆಮಗಳು, ಜೂನ್ 19

ಮದುವೆ ದಾಖಲೆಯ ಕಡೆಯಿಂದ ನಾನು ಹೇಳುತ್ತೇನೆ. ನಮ್ಮ ತಾಯಿಯ ಕಡೆಯವರು ಆಂಗ್ಲೋ ಇಂಡಿಯನ್ನರು, ನಮ್ಮ ಮನೆಯ ಮೂಲ ಹುಡುಕುತ್ತಾ ಈ ದಾರಿ ಕಲಿತೆ.

ಕೊಡಗಿನ ಪ್ಲಾಂಟರುಗಳು ಅನೇಕರು ಮದುವೆಯಾದದ್ದು ಬೆಂಗಳೂರು ದಂಡಿನಲ್ಲಿ, ಇಲ್ಲವೇ ಹಡಗು ಬಂದು ನಿಲ್ಲುವ ಮದರಾಸು, ಬೊಂಬಾಯಿಯಲ್ಲಿ. ಹುಡುಗಿ ಇಂಗ್ಲೆಂಡಿನಿಂದ ಬಂದಿಳಿದ ವಾರದಲ್ಲೇ ಮದುವೆ ಆಗಿಬಿಡುತ್ತಿತ್ತು. ಬೆಂಗಳೂರಿನ ಸೇಂಟ್ ಮಾರ್ಕ್ಸ್ 1816ರಲ್ಲಿ ಪ್ರತಿಷ್ಠೆಯಾದದ್ದು, ಟ್ರಿನಿಟಿ ಚರ್ಚ್ 1850ರ ದಶಕದ್ದು. ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಈಗ ಸರ್ಕಾರಿ ವಸ್ತು ಸಂಗ್ರಹಾಲಯ.

ಮದುವೆ ಪುಸ್ತಕದ ಒಂದು ಸಾಲಿನಲ್ಲಿ ಎಷ್ಟಿರುತ್ತದೆ ಅಂತ ಗೊತ್ತಿದ್ದರೆ ಕೆಲಸ ಸುಲಭ. ದಿನಾಂಕ, ಇಬ್ಬರ ಹೆಸರು, ವಯಸ್ಸು, ಬ್ರಹ್ಮಚಾರಿಯೋ ವಿಧುರನೋ, ವೃತ್ತಿ, ಆಗ ವಾಸವಿದ್ದ ಊರು, ಇಬ್ಬರ ತಂದೆಯ ಹೆಸರು, ಮೂರು ಭಾನುವಾರ ಚರ್ಚಿನಲ್ಲಿ ಕೂಗಿ ಹೇಳಿದ್ದೋ ಲೈಸೆನ್ಸ್ ತೆಗೆದದ್ದೋ, ಸಾಕ್ಷಿಗಳ ಸಹಿ. ಸಾಕ್ಷಿಗಳನ್ನು ಬಿಡಬೇಡಿ. ಎಷ್ಟೋ ಸಲ ಅವರು ಭಾವನೋ ಷಡ್ಡಕನೋ ಆಗಿರುತ್ತಾರೆ.

ಹೆಸರು ನೋಡಿ ಜಾತಿ, ಬಣ್ಣ ಊಹಿಸಬೇಡಿ. ನಿಮ್ಮ ಸಿದ್ದಾಪುರದ ಕಡೆಯೇ 1857ರಲ್ಲಿ ಆನಂದಪುರ ಅನ್ನುವ ಊರು ಕಟ್ಟಿ ಕಾಫಿ ತೋಟ ಮಾಡಿದವರು ಹರ್ಮನ್ ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಮನೆತನದಲ್ಲಿ ಹುಟ್ಟಿ ಬಾಸೆಲ್ ಮಿಶನ್ ಸೇರಿದವರು, ಮದುವೆಯಾದದ್ದು ಜರ್ಮನ್ ಹೆಣ್ಣನ್ನು. ಬಾಸೆಲ್ ಮಿಶನ್ನಿನವರೇ ಆದ ನಿಘಂಟಿನ ಕಿಟ್ಟೆಲ್ ಮೊದಲ ಹೆಂಡತಿ ತೀರಿಕೊಂಡ ಮೇಲೆ ಆಕೆಯ ತಂಗಿಯನ್ನು ಮದುವೆಯಾದರು, ಅಲ್ಲಿ ತವರಿನ ಹೆಸರು ಒಂದೇ, ಹೆಂಡತಿಯರು ಇಬ್ಬರು. ಅವಸರದಲ್ಲಿ ಓದಿದವರು ಇಬ್ಬರನ್ನೂ ಒಬ್ಬರೆಂದು ಬರೆದುಕೊಳ್ಳುತ್ತಾರೆ.

ಕ್ರಾಯ್ಡನ್ ಕನ್ನಡತಿ, ಜೂನ್ 21

ಲಂಡನ್ ಕಡೆಯ ಕೆಲಸ ನನಗೆ ಬಿಡಿ, ಶನಿವಾರ ಬ್ರಿಟಿಷ್ ಲೈಬ್ರರಿಗೆ ಹೋಗುತ್ತೇನೆ. ಕಂಪನಿ ಕಾಲದಿಂದ ಇಂಡಿಯಾದ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳ ನಕಲು ಲಂಡನ್ನಿಗೆ ಬರುತ್ತಿತ್ತು. ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/1 ಬಂಗಾಳ, ಎನ್/2 ಮದರಾಸು, ಎನ್/3 ಬೊಂಬಾಯಿ. ಬೆಂಗಳೂರು, ಮೈಸೂರು, ಕೊಡಗು, ಮಂಗಳೂರು ಎಲ್ಲ ಮದರಾಸಿನ ಕಂತೆಯಲ್ಲಿವೆ. ಧಾರವಾಡ, ಬೆಳಗಾವಿ ಬೊಂಬಾಯಿಯಲ್ಲಿ. ಉತ್ತರ ಕನ್ನಡವನ್ನು ಹುಡುಕುವವರು ಹುಷಾರು: ಆ ಜಿಲ್ಲೆ 1862ರಲ್ಲಿ ಮದರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಹೋಯಿತು, ಒಂದೇ ಮನೆಯ ಅಣ್ಣ ಒಂದು ಕಂತೆಯಲ್ಲಿ, ತಮ್ಮ ಇನ್ನೊಂದರಲ್ಲಿ ಸಿಗಬಹುದು.

ಮನೆಯಲ್ಲೇ ಕೂತು ನೋಡುವುದಾದರೆ ಫೈಂಡ್‌ಮೈಪಾಸ್ಟ್‌ನಲ್ಲಿ ಈ ಪುಟಗಳ ಚಿತ್ರಗಳಿವೆ, ದುಡ್ಡು ಕೊಡಬೇಕು. ಫ್ಯಾಮಿಲಿಸರ್ಚ್‌ನಲ್ಲೂ ಬ್ರಿಟಿಷ್ ಇಂಡಿಯಾದ ಕುಟುಂಬಗಳ ಮೂಲ ಹುಡುಕುವ ಎಫ್‌ಐಬಿಐಎಸ್ ಸಂಘದ ತಾಣದಲ್ಲೂ ಹೆಸರಿನ ಪಟ್ಟಿ ಉಚಿತ. ಇಂಗ್ಲೆಂಡಿನಲ್ಲಿ 1858ರಿಂದ ಈಚೆಗೆ ಪ್ರೊಬೇಟ್ ಆದ, ಅಂದರೆ ಕೋರ್ಟು ಒಪ್ಪಿದ, ಉಯಿಲುಗಳ ಪಟ್ಟಿ ಇದೆ, ಅದಕ್ಕೆ ಪ್ರೊಬೇಟ್ ಕ್ಯಾಲೆಂಡರ್ ಅನ್ನುತ್ತಾರೆ, ಇಲ್ಲಿ ಆಸ್ತಿ ಬಿಟ್ಟು ಹೋದ ಪ್ಲಾಂಟರುಗಳು ಅದರಲ್ಲಿ ಬರುತ್ತಾರೆ. ಕುಟುಂಬದ ಹೆಸರನ್ನು ನನಗೆ ಖಾಸಗಿಯಾಗಿ ಕಳಿಸಿ.

ಹಾಡಿಯಿಂದ, ಜೂನ್ 22

ಒಂದು ಮಾತು ಹೇಳಬೇಕು ಅನಿಸಿತು, ಬೇಸರ ಮಾಡಿಕೊಳ್ಳಬೇಡಿ. ದೊರೆಯ ಮೂರು ತಲೆಮಾರು ಹುಡುಕಲು ಲಂಡನ್‌ವರೆಗೆ ದಾರಿ ಇದೆ. ಅದೇ ತೋಟದ ಕಾಡು ಕಡಿದು, ಗುಂಡಿ ತೆಗೆದು, ಗಿಡ ನೆಟ್ಟ ನಮ್ಮ ಯರವರ, ಕುರುಬರ ಅಜ್ಜ ಅಜ್ಜಿಯರನ್ನು ಎಲ್ಲಿ ಹುಡುಕುವುದು? ನನ್ನ ಮುತ್ತಜ್ಜಿ ದೊರೆ ತೋಟದಲ್ಲೇ ಸತ್ತದ್ದು. ಅವಳಿಗೆ ಗೋರಿಯೂ ಇಲ್ಲ, ಕಾಗದವೂ ಇಲ್ಲ.

ಬಿದಿರುನಾಡು, ಜೂನ್ 22

ನೀವು ಹೇಳಿದ್ದು ನಿಜ, ನನ್ನ ಹತ್ತಿರ ಇದಕ್ಕೆ ಸಮಾಧಾನದ ಉತ್ತರ ಇಲ್ಲ. ನಮ್ಮ ಅಟ್ಟದಲ್ಲಿ ಅಜ್ಜನ ಕಾಲದ ಚೆಕ್‌ರೋಲ್ ಪುಸ್ತಕಗಳು ಇವೆ, 1946ರಿಂದ 1961ರವರೆಗೆ. ದಿನಗೂಲಿಯ ಲೆಕ್ಕ, ಆದರೆ ಹೆಸರುಗಳಿವೆ, ಕೆಲವು ಕಡೆ "ಇಂಥವನ ಮಗಳು" ಅಂತಲೂ ಇದೆ. ಈ ಮಳೆಗಾಲದಲ್ಲಿ ಅವನ್ನು ಒಂದೊಂದು ಪುಟ ಫೋಟೊ ತೆಗೆದು ಹಾಡಿಯವರಿಗೆ ತಲುಪಿಸುತ್ತೇನೆ.

ಹಾಡಿಯಿಂದ, ಜೂನ್ 23

ಕಳಿಸಿ ಅಣ್ಣ. ನಮ್ಮ ಹಾಡಿಯಲ್ಲಿ ಓದಬಲ್ಲ ಹುಡುಗರು ಈಗ ಇದ್ದಾರೆ.

ಬಿದಿರುನಾಡು, ಜುಲೈ 9

ಚೆಕ್ಕುಬಂದಿ ಟೈಪ್ ಮಾಡಿದ್ದೇನೆ, ಕನ್ನಡಕ್ಕೆ ನಾನೇ ಮಾಡಿದ್ದು.

ಪೂರ್ವಕ್ಕೆ: ಸರ್ಕಾರಿ ರಸ್ತೆ. ಪಶ್ಚಿಮಕ್ಕೆ: ಹೊಳೆ. ದಕ್ಷಿಣಕ್ಕೆ: ಇಂಥವರ ಒಕ್ಕದ ಬಾಣೆ (ಕೊಡವ ಮನೆತನದ ಗದ್ದೆಗೆ ಸೇರಿದ ಕಾಡು ಜಾಗ). ಉತ್ತರಕ್ಕೆ: ಮಾರಾಟಗಾರರ ತಂದೆಯವರು ಹಿಂದೆ ದಾನವಾಗಿ ಕೊಟ್ಟು ಈಗ ಇಂಥ ಹೆಂಗಸಿನ ವಾರಸುದಾರರ ಸ್ವಾಧೀನದಲ್ಲಿರುವ ಎರಡು ಎಕರೆ.

ಆ ಹೆಂಗಸಿನ ಹೆಸರು ಕ್ರಿಶ್ಚಿಯನ್ ಹೆಸರೇ, ಆದರೆ ಇಂಗ್ಲಿಷಿನವರದ್ದಲ್ಲ, ನಮ್ಮ ಕಡೆಯದು.

ಕ್ರಾಯ್ಡನ್ ಕನ್ನಡತಿ, ಜುಲೈ 13

ಮದುವೆ ಸಿಕ್ಕಿತು. ಬೆಂಗಳೂರು, 1893. ಗಂಡಿನ ವಯಸ್ಸು 41, ವೃತ್ತಿ ಕಾಫಿ ಪ್ಲಾಂಟರ್, ವಾಸ ಕೊಡಗು, ತಂದೆ ಮದರಾಸು ಸೈನ್ಯದ ಕ್ಯಾಪ್ಟನ್. ಹೆಣ್ಣಿಗೆ 26. ಲೈಸೆನ್ಸ್ ಮೂಲಕ ಆದ ಮದುವೆ. ನಿಮಗೆ ತೋಟ ಮಾರಿದವರು ಇವರ ಮಗ, 1896ರಲ್ಲಿ ದೀಕ್ಷಾಸ್ನಾನ. ತಂದೆ ತೀರಿಕೊಂಡದ್ದು 1921, ಅದೂ ಪ್ರೊಬೇಟ್ ಕ್ಯಾಲೆಂಡರಿನಲ್ಲಿ ಇದೆ.

ಆದರೆ ಸ್ಥಿತಿ ಎನ್ನುವ ಕಾಲಂ ನೋಡಿ. ವಿಧುರ ಅಂತ ಬರೆದಿದೆ. ಮೊದಲ ಮದುವೆಗೆ ಎನ್/2ರ ಪಟ್ಟಿಯನ್ನು 1872ರಿಂದ 1893ರವರೆಗೆ ಎರಡು ಸಲ ನೋಡಿದೆ. ಇಲ್ಲ.

ಸಕಲೇಶಪುರ ಘಾಟಿ, ಜುಲೈ 14

ಸಿಲೋನ್ ನೋಡಿದಿರಾ? 1869ರಲ್ಲಿ ಅಲ್ಲಿ ಎಲೆ ತುಕ್ಕು ರೋಗ ಬಂದು ಮುಂದಿನ ವರ್ಷಗಳಲ್ಲಿ ಕಾಫಿಯೇ ಹಾಳಾಯಿತು, ಅಲ್ಲಿಂದ ಪ್ಲಾಂಟರುಗಳು ಬೇರೆ ಬೇರೆ ಕಡೆ ಚದುರಿದರು. ಸಿಲೋನ್ ಇಂಡಿಯಾ ಆಫೀಸಿನ ಕೆಳಗೆ ಇರಲಿಲ್ಲ, ನೇರ ರಾಣಿಯ ವಸಾಹತು. ಹಾಗಾಗಿ ಅಲ್ಲಿನ ಮದುವೆ ಎನ್/2ರಲ್ಲಿ ಬರುವುದೇ ಇಲ್ಲ. ಅಲ್ಲಿನ ಗೋರಿಗಳ ಶಾಸನಗಳನ್ನು ಜೆ. ಪಿ. ಲೂಯಿಸ್ ಎಂಬ ಅಧಿಕಾರಿ ಸಂಗ್ರಹಿಸಿ 1913ರಲ್ಲಿ ಅಚ್ಚು ಹಾಕಿಸಿದ್ದಾರೆ, ಅದನ್ನೂ ತಿರುವಿ ನೋಡಿ.

ಬಿದಿರುನಾಡು, ಆಗಸ್ಟ್ 11

ಸಿಲೋನ್ ದಾರಿಯಲ್ಲಿ ಒಂದು ತಿಂಗಳು ಹೋಯಿತು. ಏನೂ ಸಿಗಲಿಲ್ಲ. ಮನೆಯಲ್ಲಿ ಅತ್ತೆಯವರು ಹೇಳುವುದು ಬೇರೆ: "ಆ ದೊರೆಗೆ ಇಲ್ಲಿಯ ಒಬ್ಬಳು ಇದ್ದಳಂತೆ, ಇಟ್ಟುಕೊಂಡದ್ದು." ಊರಿನಲ್ಲಿ ಇಂಥ ಮಾತು ಪ್ರತಿ ದೊರೆ ತೋಟಕ್ಕೂ ಇದೆ. ಅಲ್ಲಿಗೇ ಬಿಡುವುದಾ ಅಂತ ಯೋಚನೆ.

ಕುಡ್ಲದ ಬಾಯಮ್ಮ, ಆಗಸ್ಟ್ 11

ಬಿಡಬೇಡಿ. ಮೊದಲ ಪೋಸ್ಟಿನಿಂದ ಒಂದು ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಗೋರಿಯ ಹತ್ತಿರ ಹೂವು, ಮೊಂಬತ್ತಿ ಯಾವ ತಿಂಗಳು? ಕೊಯ್ಲಿಗೆ ಮುಂಚೆ ಅಂದರೆ ನವೆಂಬರ್ ಮೊದಲ ವಾರ ಅಲ್ಲವಾ? ನವೆಂಬರ್ 2 ನಮ್ಮಲ್ಲಿ ಸತ್ತವರ ಹಬ್ಬ. ಅವತ್ತು ಕಥೋಲಿಕರೆಲ್ಲ ಸಮಾಧಿ ಚೊಕ್ಕ ಮಾಡಿ, ಹೂವಿಟ್ಟು, ಮೊಂಬತ್ತಿ ಹಚ್ಚಿ ಪ್ರಾರ್ಥನೆ ಮಾಡುತ್ತೇವೆ. ನಿಮ್ಮ ದೊರೆ ಪ್ರೊಟೆಸ್ಟೆಂಟ್, ಅವರಲ್ಲಿ ಈ ಪದ್ಧತಿ ಅಷ್ಟಾಗಿ ಇಲ್ಲ. ಗೋರಿಯಲ್ಲಿರುವ ಮಗು ಕಥೋಲಿಕ. ಹಾಗಾದರೆ ತಾಯಿಯೂ ಕಥೋಲಿಕಳು.

ಲಂಡನ್ನಿಗೆ ಹೋದದ್ದು ಹೆಚ್ಚಾಗಿ ಇಂಗ್ಲಿಷ್ ಚರ್ಚಿನ ನಕಲುಗಳು. 1872ರ ಕ್ರಿಶ್ಚಿಯನ್ ವಿವಾಹ ಕಾಯ್ದೆಯಲ್ಲಿ ಕಥೋಲಿಕರ ಮದುವೆಯನ್ನು ನಮ್ಮ ಬಿಷಪರು ಹೇಳಿದ ನಮೂನೆಯಲ್ಲಿ ಬರೆದರೆ ಸಾಕು. ಮೂಲ ಪುಸ್ತಕ ಇರುವುದು ಆಯಾ ಚರ್ಚಿನ ಕಪಾಟಿನಲ್ಲಿ. ಕೊಡಗು ಆಗ ಮೈಸೂರು ಮಿಶನ್ನಿಗೆ ಸೇರಿತ್ತು, ಪ್ಯಾರಿಸ್ಸಿನ ಫ್ರೆಂಚ್ ಪಾದ್ರಿಗಳು ನಡೆಸುತ್ತಿದ್ದದ್ದು, ಬರೆದದ್ದೆಲ್ಲ ಲ್ಯಾಟಿನ್ನಿನಲ್ಲಿ. ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚು ಟಿಪ್ಪುವಿನ ಕಾಲದಲ್ಲಿ ಓಡಿ ಬಂದ ನಮ್ಮವರಿಗೆ ಕೊಡಗಿನ ರಾಜ ಜಾಗ ಕೊಟ್ಟು ಆದದ್ದು. ಅಷ್ಟು ಹಳೆಯ ಕಥೋಲಿಕ ಕುಟುಂಬಗಳು ನಿಮ್ಮಲ್ಲಿವೆ. ಸುತ್ತಮುತ್ತಲ ಎಲ್ಲ ಚರ್ಚುಗಳಲ್ಲಿ ವಿಚಾರಿಸಿ.

ಬಿದಿರುನಾಡು, ಸೆಪ್ಟೆಂಬರ್ 4

ಬಾಯಮ್ಮನವರಿಗೆ ಕೈಮುಗಿಯುತ್ತೇನೆ. ಮೂರನೇ ಚರ್ಚಿನಲ್ಲಿ ಸಿಕ್ಕಿತು. ಯಾವುದು ಎಂದು ಹೇಳುವುದಿಲ್ಲ, ಫಾದರ್ ಕೇಳಿಕೊಂಡಿದ್ದಾರೆ.

ದೀಕ್ಷಾಸ್ನಾನದ ಪುಸ್ತಕ ಮೊಣಕೈಯಷ್ಟು ಉದ್ದ, ತೊಗಲಿನ ರಟ್ಟು. ಮಳೆಯ ತೇವಕ್ಕೆ ಪುಟಗಳು ಒಂದಕ್ಕೊಂದು ಅಂಟಿದ್ದವು. ಫಾದರ್ ಅಂಚುಗಳ ನಡುವೆ ತೆಳುವಾದ ಬಿದಿರಿನ ಕಡ್ಡಿ ಆಡಿಸಿ, ಉಸಿರು ಬಿಗಿಹಿಡಿದು ಒಂದೊಂದೇ ಬಿಡಿಸಿದರು. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. 1886ರ ಪುಟದ ನಡುವೆ ನಮ್ಮ ದೊರೆಯ ಹೆಸರು. ಕ್ರಿಶ್ಚಿಯನ್ ಹೆಸರನ್ನು ಲ್ಯಾಟಿನ್ ಮಾಡಿದ್ದಾರೆ, ಮನೆತನದ ಹೆಸರನ್ನು ಕಿವಿಗೆ ಕೇಳಿದಂತೆ ಫ್ರೆಂಚ್ ಸ್ಪೆಲ್ಲಿಂಗಿನಲ್ಲಿ ಬರೆದಿದ್ದಾರೆ. ಇಂಗ್ಲಿಷ್ ಸ್ಪೆಲ್ಲಿಂಗ್ ಹುಡುಕಿದವರಿಗೆ ಇದು ಸಿಗುವುದೇ ಇಲ್ಲ. ಮಗುವಿನ ಹೆಸರಿನ ಮೊದಲ ಅಕ್ಷರ ಮತ್ತು ಮನೆತನದ ಮೊದಲ ಅಕ್ಷರ ಗೋರಿಯ ಕಲ್ಲಿನ ಮೇಲಿನ ಎರಡು ಅಕ್ಷರಗಳೇ. ಹೆಣ್ಣು ಮಗು.

ಫಾದರ್ ಒಂದು ಪದದ ಮೇಲೆ ಬೆರಳಿಟ್ಟು ತೋರಿಸಿದರು: "ಲೆಜಿಟಿಮಂ." ಧರ್ಮಸಮ್ಮತವಾದ ಮದುವೆಯಲ್ಲಿ ಹುಟ್ಟಿದ ಮಗಳು. ಹಾಗಲ್ಲದಿದ್ದರೆ "ನ್ಯಾಚುರಾಲಿಸ್" ಅಂತ ಬರೆಯುತ್ತಿದ್ದರಂತೆ, ಪಕ್ಕದ ಪುಟದಲ್ಲೇ ಎರಡು ಕಡೆ ಹಾಗೆ ಇತ್ತು. ಅಲ್ಲಿಂದ ಮದುವೆ ಪುಸ್ತಕ ತೆಗೆದೆವು. 1884. ಗಂಡು ಕಥೋಲಿಕನಲ್ಲದ ಕಾರಣ ಬಿಷಪರ ವಿಶೇಷ ಅನುಮತಿ ಪಡೆದಿದೆ ಎಂದು ಒಂದು ಸಾಲು. ಹೆಣ್ಣಿನ ಸಹಿ ಇಲ್ಲ, ಶಿಲುಬೆಯ ಗುರುತು ಇದೆ. ದೊರೆಯ ಸಹಿ ಇದೆ. 1888ರ ಸಮಾಧಿ ಪುಸ್ತಕದಲ್ಲಿ ಅವಳು, ವಯಸ್ಸು ಇಪ್ಪತ್ತೆರಡು. ಮರುವರ್ಷ ಮಗು.

ಬೆಂಗಳೂರಿನ ಪುಸ್ತಕದಲ್ಲಿ ಅವರು ಹೇಳಿದ್ದು ಸತ್ಯ. ವಿಧುರನೇ. ಇಟ್ಟುಕೊಂಡದ್ದು ಅಂತ ನೂರು ವರ್ಷದಿಂದ ಹೇಳುತ್ತಾ ಬಂದದ್ದು ನಾವು. ಸಂಜೆ ಮನೆಗೆ ಬಂದು ಅತ್ತೆಯವರಿಗೆ ಫೋಟೊ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿ "ಆ ಮಾತು ನಾನು ಆಡಬಾರದಿತ್ತು" ಅಂದರು.

ಕಂಟೋನ್ಮೆಂಟ್ ಮನೆಮಗಳು, ಸೆಪ್ಟೆಂಬರ್ 4

ಓದಿ ಕಣ್ಣು ತುಂಬಿ ಬಂತು. ನಮ್ಮ ಮುತ್ತಜ್ಜಿಯ ಬಗ್ಗೆಯೂ ಇದೇ ಮಾತು ಕೇಳಿಕೊಂಡೇ ಬೆಳೆದವಳು ನಾನು. ನಾಳೆಯೇ ಹೋಗಿ ಕಥೋಲಿಕ ಪುಸ್ತಕಗಳನ್ನು ನೋಡುತ್ತೇನೆ. ಇಷ್ಟು ವರ್ಷ ಇಂಗ್ಲಿಷ್ ಚರ್ಚುಗಳಲ್ಲೇ ಹುಡುಕುತ್ತಿದ್ದೆ.

ಪುಸ್ತಕ ಒಂದು, ಸೆಪ್ಟೆಂಬರ್ 5

ದೀಕ್ಷಾಸ್ನಾನದ ಸಾಲಿನಲ್ಲಿ ಗಾಡ್‌ಮದರ್ ಹೆಸರು ಏನಿದೆ? ಉತ್ತರದ ಚೆಕ್ಕುಬಂದಿಯ ಹೆಂಗಸಿನ ಹೆಸರೇ ಇದ್ದರೆ ಹೇಳಿ.

ಬಿದಿರುನಾಡು, ಸೆಪ್ಟೆಂಬರ್ 5

ಅದೇ ಹೆಸರು ಸರ್. ನಾನು ಗಮನಿಸಿರಲಿಲ್ಲ.

ಪುಸ್ತಕ ಒಂದು, ಸೆಪ್ಟೆಂಬರ್ 5

ಹಾಗಾದರೆ 1888ರಿಂದ 1893ರವರೆಗಿನ ಹೆಸರಿನ ಇಂಡೆಕ್ಸ್ ನೋಡಿ, ದಾನಪತ್ರ ಇದ್ದೇ ಇರುತ್ತದೆ. ದೊರೆಗಳ ಹೆಸರನ್ನು ನಮ್ಮ ಗುಮಾಸ್ತರು ಬಾಯಿಗೆ ಬಂದಂತೆ ಬರೆದಿರುತ್ತಾರೆ, ವಿಲಿಯಂ ಹೋಗಿ ಯಿಲ್ಲಂ ಆಗಿರುತ್ತದೆ. ಅದಕ್ಕೇ ಅವರನ್ನು ಬಿಟ್ಟು ಬರೆಸಿಕೊಂಡ ಹೆಂಗಸಿನ ಹೆಸರಿನಲ್ಲಿ ಹುಡುಕಿ.

ಬಿದಿರುನಾಡು, ಅಕ್ಟೋಬರ್ 7

ಸಿಕ್ಕಿತು. 1890, ಒಂದನೇ ಪುಸ್ತಕ, ಕನ್ನಡದಲ್ಲಿ ಬರೆದ ದಾನಪತ್ರ, ದುಂಡಗಿನ ಅಕ್ಷರ. ಎರಡು ಎಕರೆ, ಹಲಸಿನ ಮರದ ಉತ್ತರಕ್ಕೆ. ಬರೆಸಿಕೊಟ್ಟವರು ಆ ಹೆಂಗಸನ್ನು "ಮೃತಳಾದ ನನ್ನ ಹೆಂಡತಿಯ ತಾಯಿ" ಎಂದು ಕರೆದಿದ್ದಾರೆ. ನನ್ನ ಹೆಂಡತಿ ಎಂಬ ಮಾತು ಪತ್ರದಲ್ಲಿ ಮೂರು ಕಡೆ ಬರುತ್ತದೆ. ಆಮೇಲೆ ಒಂದು ಷರತ್ತು: ಮಗುವಿನ ಸಮಾಧಿ ತೋಟದ ಗಡಿಯೊಳಗೆ ಇದ್ದರೂ ಅಲ್ಲಿಗೆ ಹೋಗಿ ಬರುವ ದಾರಿಯ ಹಕ್ಕು ಆಕೆಗೂ ಆಕೆಯ ಸಂತತಿಗೂ ಇರತಕ್ಕದ್ದು.

ಈ ಷರತ್ತು 1946ರ ಪತ್ರದಲ್ಲಿ ಇಲ್ಲ. ಎರಡನೇ ಮದುವೆಯ ಮಗ ಅದನ್ನು ಬರೆಸಲಿಲ್ಲ, ಆದರೆ ಉತ್ತರದ ಚೆಕ್ಕುಬಂದಿಯನ್ನು ಬದಲಿಸಲು ಆಗಲಿಲ್ಲ.

ಕ್ರಾಯ್ಡನ್ ಕನ್ನಡತಿ, ಅಕ್ಟೋಬರ್ 9

ಮೇಲಿನ ತಲೆಮಾರೂ ಗೊತ್ತಾಯಿತು, ಬರೆದಿಡುತ್ತೇನೆ. ಕ್ಯಾಪ್ಟನ್ ಅಜ್ಜ ಕಂಪನಿ ಸೈನ್ಯಕ್ಕೆ ಕೆಡೆಟ್ ಆಗಿ ಸೇರುವಾಗ ಕೊಟ್ಟ ದೀಕ್ಷಾಸ್ನಾನದ ಪ್ರಮಾಣಪತ್ರ ಇಲ್ಲಿನ ಕೆಡೆಟ್ ಕಾಗದಗಳಲ್ಲಿ ಇದೆ. ಸ್ಕಾಟ್ಲೆಂಡಿನ ಒಂದು ಹಳ್ಳಿ, 1822. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1855ರಲ್ಲಿ, ಅದಕ್ಕೆ ಹಿಂದಿನದು ಚರ್ಚಿನ ಪುಸ್ತಕ. ಅಲ್ಲಿ ತಾಯಿಯ ತವರಿನ ಹೆಸರನ್ನೂ ಬರೆಯುವುದು ರೂಢಿ, ಅದರಿಂದ ಇನ್ನೂ ಮೇಲೆ ಹೋಗಬಹುದು.

ಮದುವೆ ದಾಖಲೆ ಸಮುದ್ರ ದಾಟಿ ಈ ಕಡೆಗೂ ಬಂದದ್ದಿದೆ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ ಇಲ್ಲಿ ಕರ್ನಲ್ ಜಾನ್ ಕ್ಯಾಂಬೆಲ್‌ರನ್ನು 1860ರಲ್ಲಿ ಮದುವೆಯಾದಳು. ಮರುವರ್ಷ ಮಗಳು ಹುಟ್ಟಿದಳು, 1864ರಲ್ಲಿ ಗೌರಮ್ಮ ತೀರಿಕೊಂಡಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್‌ನಲ್ಲಿ ಇದೆ. ಈ ನವೆಂಬರ್ 2ಕ್ಕೆ ಅಲ್ಲಿಗೆ ಹೂವು ತೆಗೆದುಕೊಂಡು ಹೋಗಬೇಕು ಅಂದುಕೊಂಡಿದ್ದೇನೆ.

ಬಿದಿರುನಾಡು, ನವೆಂಬರ್ 3

ನಿನ್ನೆ ಬೆಳಿಗ್ಗೆ ಐದೂವರೆಗೇ ಪಲ್ಪರ್ ಮನೆಯ ಹಿಂದೆ ಹೋಗಿ ನಿಂತೆ. ಅಣ್ಣನೂ ಬಂದ. ಮಂಜು ಇತ್ತು. ಆರು ಗಂಟೆಯ ಹೊತ್ತಿಗೆ ಉತ್ತರದ ಬೇಲಿಯ ಕಡೆಯಿಂದ ಟಾರ್ಚ್ ಬೆಳಕು. ಕೈಯಲ್ಲಿ ಕತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಚೆಂಡು ಹೂ. ಚಿಕ್ಕಂದಿನಿಂದ ನೋಡಿದ ಮುಖ. ಪಕ್ಕದ ಎರಡೆಕರೆಯ ಅಜ್ಜಿ. ಅವರ ಮೆಣಸನ್ನು ನಮ್ಮ ಕಣದಲ್ಲೇ ಒಣಗಿಸುತ್ತಿದ್ದರು, ಅಮ್ಮನ ಬಾಣಂತನಕ್ಕೆ ಬಂದು ನಿಂತವರು ಅವರೇ.

ನಮ್ಮನ್ನು ನೋಡಿ ಹೆದರಿದರು. ದಾರಿ ಮುಚ್ಚುತ್ತೇವೆ ಅಂದುಕೊಂಡರೋ ಏನೋ. ನಾನು ಫೋನಿನಲ್ಲಿ 1886ರ ಪುಟ ತೋರಿಸಿ ಮಗುವಿನ ಹೆಸರು ಓದಿದೆ. ಅಜ್ಜಿಗೆ ಹೆಸರು ಗೊತ್ತಿರಲಿಲ್ಲ. ಅವರ ಮನೆಯಲ್ಲಿ ಕುಞ್ಞಿ, ಅಂದರೆ ಮಗು, ಅಂತಲೇ ಕರೆಯುತ್ತಿದ್ದದ್ದಂತೆ. "ನಮ್ಮ ಅಜ್ಜಿ ಹೇಳಿ ಹೋದದ್ದು ಮಗಾ, ತಾಯಿ ಚರ್ಚಿನ ಹತ್ತಿರ ಮಲಗಿದ್ದಾಳೆ, ಮಗು ಇಲ್ಲಿ ಒಂದೇ ಇದೆ, ವರ್ಷಕ್ಕೊಂದು ಸಲವಾದರೂ ದೀಪ ತೋರಿಸಿ ಅಂತ." ಅವರು ಗೋರಿಯ ಮಗುವಿನ ತಾಯಿಯ ತಮ್ಮನ ಮೊಮ್ಮಗಳು.

ಅಣ್ಣ ಕತ್ತಿ ಇಸಿದುಕೊಂಡು ತಾನೇ ಹುಲ್ಲು ಕೆತ್ತಿದ.

ಹಾಡಿಯಿಂದ, ನವೆಂಬರ್ 3

ಚೆಕ್‌ರೋಲ್ ಫೋಟೊಗಳು ಬಂದವು ಅಣ್ಣ. 1948ರ ಪುಟದಲ್ಲಿ ನಮ್ಮ ಅಜ್ಜಿಯ ಹೆಸರು ಇದೆ, "ಇಂಥವಳ ಮಗಳು" ಅಂತ ಮುತ್ತಜ್ಜಿಯ ಹೆಸರೂ ಇದೆ. ನಮ್ಮ ಮನೆಯವರ ಹೆಸರನ್ನು ಕಾಗದದ ಮೇಲೆ ನೋಡಿದ್ದು ಇದೇ ಮೊದಲು.

ಸಕಲೇಶಪುರ ಘಾಟಿ, ನವೆಂಬರ್ 4

ಎರಡನೇ ಮದುವೆಯ ವಂಶದವರಿಗೆ ತಿಳಿಸುತ್ತೀರಾ?

ಬಿದಿರುನಾಡು, ನವೆಂಬರ್ 4

ಅಜ್ಜಿಯನ್ನು ಕೇಳಿದೆ. "ಅವರು ಹುಡುಕಿಕೊಂಡು ಬಂದರೆ ಹೇಳು, ನಾವಾಗಿ ಹೋಗುವುದು ಬೇಡ" ಅಂದರು. ಹಾಗೇ ಮಾಡುತ್ತೇನೆ. ಎಲ್ಲ ನಕಲುಗಳನ್ನೂ ಒಂದು ಲಕೋಟೆಯಲ್ಲಿ ಹಾಕಿ ಚರ್ಚಿನಲ್ಲಿ ಫಾದರ್ ಕೈಗೆ ಕೊಟ್ಟಿದ್ದೇನೆ.

ಬಿದಿರುನಾಡು, ಡಿಸೆಂಬರ್ 16

ಪಾಲುಪತ್ರ ನಿನ್ನೆ ನೋಂದಣಿ ಆಯಿತು. ಲಾರಿ ದಾರಿಯನ್ನು ಅಣ್ಣ ಕಣದ ಪೂರ್ವಕ್ಕೆ ತಿರುಗಿಸಿಕೊಂಡ, ಹನ್ನೆರಡು ಕಾಫಿ ಗಿಡ ಹೋಯಿತು. ಪುಸ್ತಕ ಒಂದು ಸರ್ ಫೋನಿನಲ್ಲೇ ಕೂತು ಒಕ್ಕಣೆ ತಿದ್ದಿಕೊಟ್ಟರು. ಅಣ್ಣನ ಷೆಡ್ಯೂಲಿನ ಉತ್ತರದ ಚೆಕ್ಕುಬಂದಿ ಈಗ ಹೀಗಿದೆ: 1890ರ ದಾನಪತ್ರದ ಎರಡು ಎಕರೆ, ಅಲ್ಲಿಂದ ಹಲಸಿನ ಮರದ ಬುಡದ ಸಮಾಧಿಗೆ ಹೋಗಿಬರುವ ನಾಲ್ಕಡಿ ದಾರಿ. ಸಮಾಧಿ ಯಾರದ್ದು ಎಂಬಲ್ಲಿ ಮಗುವಿನ ಪೂರ್ತಿ ಹೆಸರು ಬರೆಸಿದ್ದೇವೆ, ಜೊತೆಗೆ ತಂದೆ ತಾಯಿ ಇಬ್ಬರ ಹೆಸರನ್ನೂ.